ತುದಿ ಬಿಟ್ಟ ಹಾಸು

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಮಾತಿನ ನಡುವೆ ಗೂಡ್ಸ್ ಗಾಡಿ ಬಂದರೆ ಬಾಯಿ ಮುಚ್ಚಿಕೊಂಡು ಕಾಯುವುದು, ಗಾಡಿ ದಾಟಿದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸುವುದು. ಜಗಳವಾಡುವವರೂ ಹೀಗೆಯೇ ಮಾಡುತ್ತಿದ್ದರು. ಇಬ್ಬರು ಹೆಂಗಸರು ನಳದ ಹತ್ತಿರ ಸೊಂಟದ ಮೇಲೆ ಕೈಯಿಟ್ಟುಕೊಂಡು, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ, ಡಬ್ಬಿಗಳೆಲ್ಲ ದಾಟುವ ತನಕ ಸುಮ್ಮನೆ ನಿಂತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಈ ವಿದ್ಯೆಯಲ್ಲಿ ನಮ್ಮ ಪಕ್ಕದ ಮನೆಯ ಖಾಲಾ ಅವರನ್ನು ಮೀರಿಸಿದವರಿಲ್ಲ. "ಜರಾ ಉಪ್ಪು ಕೊಡು" ಎನ್ನುವುದರಲ್ಲಿ "ಜರಾ" ಎಂದಾಗ ಗಾಡಿ ಬಂದರೆ, ಗೋಡೆಯ ಆಚೆ ಬಟ್ಟಲು ಹಿಡಿದು ನಿಂತೇ ಇರುತ್ತಿದ್ದರು. ಕೊನೆಯ ಡಬ್ಬಿ ಹೋದ ಮೇಲೆ "ಉಪ್ಪು ಕೊಡು" ಅನ್ನುತ್ತಿದ್ದರು. ಮೊದಲಿನ "ಜರಾ" ಇನ್ನೊಮ್ಮೆ ಹೇಳಿದರೆ ಅವರಿಗೆ ನಷ್ಟ.

ಆ ಖಾಲಾ ಈಗಿಲ್ಲ. ಹೋದ ವಾರ ಅವರ ಕಿರಿಯ ಮಗ ಶಹಾಬಾದಿನಿಂದ ಬಂದು ಬಾಗಿಲಲ್ಲೇ ನಿಂತು ಸುದ್ದಿ ಹೇಳಿದ. "ನಿಮಗ ಹೇಳಿ ಬಾ ಅಂತ ಅಬ್ಬಾ ಕಳಿಸ್ಯಾರ್ರಿ," ಅಂದ. ಚಹಾ ಕುಡಿಯಲೂ ನಿಲ್ಲಲಿಲ್ಲ. ಅವನು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಅಟ್ಟದ ಮೇಲಿನ ಹಾಸನ್ನು ಇಳಿಸಿದ್ದು.

ಖಾಲಾ ಎಂದರೆ ಉರ್ದುವಿನಲ್ಲಿ ತಾಯಿಯ ಅಕ್ಕ-ತಂಗಿ. ಓಣಿಯ ಎಲ್ಲರಿಗೂ ಅವರು ಖಾಲಾ. ನನ್ನ ಗಂಡನಿಗೂ, ಸ್ಟೇಷನ್ನಿನ ಹಮಾಲರಿಗೂ, ಹಾಲು ಹಾಕುವವನಿಗೂ. ಅವರ ಹೆಸರು ನನಗೆ ಗೊತ್ತಿತ್ತು. ಆದರೆ ಯಾರೂ ಕರೆಯದ ಆ ಹೆಸರನ್ನು ಇಲ್ಲಿ ಬರೆದರೆ ಬೇರೆ ಯಾರದೋ ಸುದ್ದಿ ಹೇಳಿದಂತಾದೀತು.

ನಾನು ಸುಲೇಪೇಟೆಯಿಂದ ಟ್ರಂಕು, ಸ್ಟೋವು ಕಟ್ಟಿಕೊಂಡು ವಾಡಿಗೆ ಬಂದಾಗ ಇನ್ನೂ ಮೈಸೂರು ರಾಜ್ಯ. ಗಂಡ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ನನ್ನನ್ನು ಮನೆಯೊಳಗೆ ಬಿಟ್ಟು, ಬೀಗದ ಕೈ ಕೊಟ್ಟು, ಡ್ಯೂಟಿಗೆ ಓಡಿದ. ದಣಿದು ಬರಿನೆಲದ ಮೇಲೆ ಕುಳಿತೆ. ಹಿತ್ತಲ ಗೋಡೆಯ ಮೇಲೆ ಒಂದು ದೊಡ್ಡ ಮುಖ ಮೂಡಿತು.

"ಯಾವೂರು?"

"ಸುಲೇಪೇಟ್ರಿ."

"ಏ ಸುಲೇಪೇಟ್, ನೆಲದ ಮ್ಯಾಗ ಹಂಗ ಕುಂದ್ರಬ್ಯಾಡ. ಶಹಾಬಾದಿ ಫರಸಿ ಕಲ್ಲು ಅದ, ಥಂಡಿ ಹತ್ತತದ. ನಾಳಿ ಸೊಂಟ ಹಿಡದ್ರ ನಿನ್ನ ಗಂಡ ಪಾರ್ಸೆಲ್ ಮಾಡಿ ವಾಪಸ್ ಕಳಸ್ತಾನ."

ಮುಖ ಇಳಿಯಿತು. ಮರುಕ್ಷಣ ಗೋಡೆಯ ಮೇಲಿಂದ ದುಂಡಗಿನ ದಪ್ಪನೆಯ ವಸ್ತುವೊಂದು ಹಾರಿ ಬಂದು ತೆರೆದ ಬಾಗಿಲಿನಿಂದ ಒಳಗೆ ನುಗ್ಗಿ ನನ್ನ ತಲೆಯ ಮೇಲೆ ಬಿತ್ತು. ಬಿಡಿಸಿ ನೋಡಿದರೆ ಚಿಂದಿಯ ಹಾಸು. ಹಳದಿ, ಖಾಕಿ, ನೀಲಿ ಬಟ್ಟೆಯ ಪಟ್ಟಿಗಳನ್ನು ಜಡೆಯಂತೆ ಹೆಣೆದು, ಆ ಜಡೆಯನ್ನು ಸುರುಳಿ ಸುತ್ತಿ ಹೊಲಿದದ್ದು. ಅಂದಿನಿಂದ ಅವರು ನನ್ನನ್ನು ಹೆಸರಿನಿಂದ ಕರೆದದ್ದಿಲ್ಲ. ಕೊನೆಯವರೆಗೂ ನಾನು ಸುಲೇಪೇಟ್.

ನಮ್ಮ ಕಡೆ ಎಲ್ಲರ ಮನೆಯಲ್ಲಿಯೂ ಕೌದಿ ಇರುತ್ತದೆ, ಚಿಂದಿ ಹೊಸದಲ್ಲ. ಆದರೆ ಕೌದಿ ಹೊದೆಯುವುದಕ್ಕೆ. ನೆಲಕ್ಕೆ ಹಾಸುವ ಈ ದುಂಡು ಹಾಸು ಖಾಲಾ ಅವರದೇ ವಿದ್ಯೆ. ವಾಡಿಯಲ್ಲಿ ಚಿಂದಿಗೆ ಬರವಿರಲಿಲ್ಲ. ಒಣಹಾಕಿದ ಬಟ್ಟೆಯ ಮೇಲೆ ಗಾಳಿ ಒಂದು ಕಡೆಯಿಂದ ಬಂದರೆ ಸಿಮೆಂಟಿನ ಬಿಳಿ ಬೂದಿ, ಇನ್ನೊಂದು ಕಡೆಯಿಂದ ಬಂದರೆ ಇಂಜಿನ್ನಿನ ಕರಿ ಮಸಿ. ತಿಕ್ಕಿ ತಿಕ್ಕಿ ಒಗೆದು ಬಟ್ಟೆಗಳು ಬೇಗ ಸೋಲುತ್ತಿದ್ದವು. ಸೋತ ಬಟ್ಟೆಯನ್ನು ಖಾಲಾ ಎರಡು ಬೆರಳಿನ ಅಗಲಕ್ಕೆ ಪರ್‍ರೆಂದು ಹರಿಯುತ್ತಿದ್ದರು. ಒಂದು ಪಟ್ಟಿಗೆ ಇನ್ನೊಂದನ್ನು ಸೇರಿಸಲು ಗಂಟು ಹಾಕುತ್ತಿರಲಿಲ್ಲ. ಎರಡರ ತುದಿಗೂ ಕತ್ತರಿಯಿಂದ ಸಣ್ಣ ತೂತು ಮಾಡಿ, ಒಂದರೊಳಗೆ ಒಂದು ತೂರಿಸಿ ಎಳೆದರೆ ಎಲ್ಲಿ ಕೂಡಿತೆಂದು ಕಾಣುತ್ತಿರಲಿಲ್ಲ. ಮೂರು ಪಟ್ಟಿಗಳ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಹೆಣೆಯಲು ಶುರು ಮಾಡಿದರೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಅಂಗಳ ದಾಟಿ, ನಮ್ಮ ಬಾಗಿಲು ದಾಟಿ, ನಳದವರೆಗೆ ಹೋಗುತ್ತಿದ್ದರು. ದಾರಿಯಲ್ಲಿ ಯಾರ ಮನೆಯಲ್ಲಿ ಏನು ಸಾರು ಎಂಬುದೂ ಅವರಿಗೆ ತಿಳಿಯುತ್ತಿತ್ತು.

ಅವರ ಯಜಮಾನರು ಗೂಡ್ಸ್ ಗಾಡಿಯ ಡ್ರೈವರ್. ಸಣ್ಣ ಆಳು, ಮೆತ್ತನೆಯ ಮಾತು. ಅಷ್ಟು ದೊಡ್ಡ ಇಂಜಿನ್ ಓಡಿಸುವವರು ಮನೆಯಲ್ಲಿ ಎರಡನೆಯ ಕಪ್ ಚಹಾ ಕೇಳಲಿಕ್ಕೂ ಸಿಗ್ನಲ್ ಕಾಯುತ್ತಿದ್ದರು. ಮಕ್ಕಳು ನಾಲ್ವರೂ ಗಂಡು, ನಾಲ್ವರೂ ಗಟ್ಟಿಮುಟ್ಟು, ನಾಲ್ವರೂ ತಾಯಿಗೆ ಅಂಜುವವರು. "ನಂಗ ಒಂದು ಹೆಣ್ಣು ಕೊಡಲಿಲ್ಲ ಆ ಮಾಲಿಕ್," ಎಂದು ಖಾಲಾ ನಗುತ್ತಿದ್ದರು. "ಜಡಿ ಹೆಣಿಯೋ ಹವ್ಯಾಸ ಕೈಯಾಗ ಹಂಗ ಉಳೀತು. ಈ ಹುಡುಗರ ತಲಿ ನೋಡಿದ್ರ ಎಲ್ಲಾ ಬೋಳು. ಅದಕ ಚಿಂದಿ ಜಡಿ ಹೆಣೀತೀನಿ."

ಈಗ ನನ್ನ ಸುದ್ದಿ ಹೇಳಬೇಕು. ಹೇಳದಿದ್ದರೆ ಅಟ್ಟದ ಮೇಲಿನ ಹಾಸಿನ ಸುದ್ದಿ ತಿಳಿಯುವುದಿಲ್ಲ. ವಾಡಿಗೆ ಬರುವ ಮೊದಲು ನನಗೆ ಎರಡು ಕೂಸು ಹುಟ್ಟಿ ಎರಡೂ ಉಳಿದಿರಲಿಲ್ಲ. ಒಂದು ಹೆಸರಿಡುವ ಮೊದಲೇ ಹೋಯಿತು. ಇನ್ನೊಂದಕ್ಕೆ ನಗು ಬರುತ್ತಿತ್ತು, ಆಮೇಲೆ ಹೋಯಿತು. ವಾಡಿಯಲ್ಲಿ ಮತ್ತೆ ಬಸಿರು ನಿಂತಾಗ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಯಾರಿಗೂ ಹೇಳದೆ ಮುಚ್ಚಿಟ್ಟೆ. ಆದರೆ ಗೋಡೆಯ ಆಚೆ ಇದ್ದದ್ದು ಖಾಲಾ. ಒಂದು ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿ ಗೋಡೆಗೆ ಬಂದರು. ಕೇಳಿದರು, ಹೇಳಿದೆ. ಹಿಂದಿನ ಎರಡರ ಸುದ್ದಿಯನ್ನೂ ಹೇಳಿದೆ. ಖಾಲಾ ಏನೂ ಅನ್ನದೆ ಇದ್ದದ್ದನ್ನು, ಗಾಡಿ ಇಲ್ಲದಾಗ, ನಾನು ನೋಡಿದ್ದು ಅದೇ ಮೊದಲು.

ಅತ್ತೆ ಸುಲೇಪೇಟೆಯಿಂದ ಬಂದರು. ನಮ್ಮತ್ತೆ ಮಡಿಯ ಹೆಂಗಸು, ಮಾತು ಕಡಿಮೆ, ಕಣ್ಣು ಜಾಸ್ತಿ. ಪಕ್ಕದ ಮನೆಯ ಖಾಲಾ ಅವರನ್ನು "ಬೂಬವ್ವ" ಎಂದು ದೂರದಿಂದಲೇ ಮಾತಾಡಿಸುತ್ತಿದ್ದರು. ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಪ್ಪಿದರು. ಕೂಸು ನಿಲ್ಲದ ಮನೆಯಲ್ಲಿ, ಮನೆ ಮನೆ ತಿರುಗಿ ಭಿಕ್ಷೆ ಬೇಡಿ ತಂದ ಚಿಂದಿಯ ಮೇಲೆ ಹುಟ್ಟಿದ ಕೂಸನ್ನು ಮಲಗಿಸಬೇಕು. ಇದು ಯಾರೋ ಭಿಕ್ಷುಕರ ಕೂಸು ಎಂದು ಸಾವು ಬಿಟ್ಟು ಹೋಗುತ್ತದೆ. ಈ ನಂಬಿಕೆ ಅತ್ತೆಯ ಮನೆಯಲ್ಲಿಯೂ ಇತ್ತು, ಖಾಲಾ ಅವರ ತವರು ಚಿತ್ತಾಪುರದಲ್ಲಿಯೂ ಇತ್ತು.

"ನಮ್ಮ ಮಂದಿ ಮನ್ಯಾಗಿನ ಚಿಂದಿ ಇರ್ಲಿ ಬೂಬವ್ವ," ಎಂದರು ಅತ್ತೆ. "ಎಲ್ಲಾರ ಮನೀದೂ ಬ್ಯಾಡ."

"ಅಲ್ರಿ ಅವ್ವಾರೆ," ಖಾಲಾ ಗೋಡೆಯ ಮೇಲೆ ಎರಡೂ ಮೊಣಕೈ ಊರಿದರು. "ಎಮರಾಜ ಬರ್ತಾನ. ಹಾಸು ನೋಡ್ತಾನ. ಎಲ್ಲಾ ನಿಮ್ಮ ಮಂದೀದೇ ಬಟ್ಟಿ. ಹಾಂ, ಇದು ಸುಲೇಪೇಟಿ ಅವ್ವಾರ ಮೊಮ್ಮಗಾ ಅಂತ ಅವನಿಗಿ ಬರಾಬರ್ ಗುರ್ತು ಹತ್ತತದ. ನೀವೇ ಅಡ್ರೆಸ್ ಬರ್ದು ಕೊಟ್ಟಂಗ ಆಗ್ತದ. ಎಲ್ಲಾರದೂ ಕಲಸ್ರಿ. ಯಾರ ಮನಿ ಕೂಸು ಅಂತ ಅವನಿಗಿ ಗೊತ್ತೇ ಆಗಬಾರ್ದು."

ಅತ್ತೆ ಬಹಳ ಹೊತ್ತು ಯೋಚಿಸಿದರು. ಯಮನಿಗೆ ವಿಳಾಸ ಸಿಗುವ ಮಾತು ಅವರಿಗೆ ನಾಟಿತು. "ಆಗ್ಲಿ ತೊಗೋ," ಎಂದರು.

ಭಿಕ್ಷೆಯನ್ನು ಸೆರಗೊಡ್ಡಿ ಬೇಡಬೇಕೆಂದು ಪದ್ಧತಿ. ಖಾಲಾ ಅವರಿಗೆ ಬೇಡಲು ಬರುತ್ತಿರಲಿಲ್ಲ. ಅವರು ಬಾಗಿಲಲ್ಲಿ ನಿಂತು ಸೆರಗನ್ನೇನೋ ಹಿಡಿಯುತ್ತಿದ್ದರು, ಆದರೆ ದನಿ ಮಾತ್ರ ಟಿಕೆಟ್ ತಪಾಸಣೆಯವರದು.

"ಭಿಕ್ಷಾ ಬೇಡಾಕತ್ತೀನಿ, ಬಟ್ಟಿ ಕೊಡ್ರಿ. ಜಲ್ದಿ ಮಾಡ್ರಿ, ಒಲಿ ಮ್ಯಾಗ ಬ್ಯಾಳಿ ಇಟ್ಟು ಬಂದೀನಿ."

ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳುವುದು ಒತ್ತಟ್ಟಿಗಿರಲಿ, ಬೆಳಕಿಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ಟೆರಿಲಿನ್ ಕೊಟ್ಟವರಿಗೆ ವಾಪಸು ಕೊಟ್ಟರು. "ಇದು ಬ್ಯಾಡ, ಕೂಸಿಗಿ ಶಕಿ ಆಗ್ತದ. ಹತ್ತೀದು ಕೊಡ್ರಿ. ಆ ಪೆಟ್ಟಿಗ್ಯಾಗ ಅದ ನೋಡ್ರಿ, ನಿಮ್ಮ ಯಜಮಾನ್ರ ಧೋತ್ರ. ಹ್ವಾದ ದೀಪಾವಳಿಗೇ ಹರದದ." ಹಾಗೆ ಬಂದದ್ದು ಧೋತರ, ಲುಂಗಿ, ಗ್ಯಾಂಗ್‌ಮನ್ನರ ಖಾಕಿ, ಆಸ್ಪತ್ರೆಯ ನರ್ಸಮ್ಮನ ಬಿಳಿ ಸೀರೆ, ಹಿಂದಿನ ಸಾಲಿನಲ್ಲಿದ್ದ ಕಸ ಗುಡಿಸುವ ಹೆಂಗಸಿನ ಹಸಿರು ಸೀರೆ. ಆಕೆ ತನ್ನ ಬಾಗಿಲಿಗೂ ಖಾಲಾ ಭಿಕ್ಷೆಗೆ ಬಂದರೆಂದು ಬೆರಗಾಗಿ, ಹಳೆಯದನ್ನು ಬಿಟ್ಟು ಇದ್ದುದರಲ್ಲಿ ಚಲೋ ಸೀರೆಯನ್ನೇ ಕೊಟ್ಟಿದ್ದಳು. ಎಲ್ಲವೂ ನಮ್ಮ ಎರಡು ಮನೆಯ ನಡುವಿನ ಗೋಡೆಯ ಮೇಲೆ ಬಂದು ಬೀಳುತ್ತಿದ್ದವು. ಮರೆತವರು ಆಮೇಲೆ ತಂದು ಅಲ್ಲಿಯೇ ಹಾಕಿ ಹೋಗುತ್ತಿದ್ದರು. ಅತ್ತೆ ಆ ರಾಶಿಯನ್ನು ದೂರದಿಂದ ನೋಡುತ್ತ ಕುಳಿತಿದ್ದರು. ಖಾಲಾ ಎಲ್ಲವನ್ನೂ ಪಟ್ಟಿ ಮಾಡಿ ಹರಿದು, ಕಲಸಿ, ಅವರ ಮುಂದೆ ಗುಡ್ಡೆ ಹಾಕಿದರು.

"ಈಗ ಯಾವುದು ಯಾರದು ಹೇಳ್ರಿ ಅವ್ವಾರೆ."

ಅತ್ತೆ ನೋಡಿದರು. ಗೊತ್ತಾಗಲಿಲ್ಲ. ಮೆಲ್ಲಗೆ ಒಂದು ಹಸಿರು ಪಟ್ಟಿ ಎತ್ತಿಕೊಂಡು ಅಂಚನ್ನು ಒಳಗೆ ಮಡಿಚತೊಡಗಿದರು.

ಕೆಂಪು ಬಟ್ಟೆ ಮಾತ್ರ ಸಿಕ್ಕಿರಲಿಲ್ಲ. ಹಾಸಿನ ನಡುವೆ, ಸುರುಳಿಯ ಹೊಟ್ಟೆಯಲ್ಲಿ, ಕೆಂಪು ಇರಲೇಬೇಕು, ದೃಷ್ಟಿ ತಾಗುವುದಿಲ್ಲ ಎನ್ನುವುದು ಖಾಲಾ ಅವರ ಹಟ. ನಡುವಿನಿಂದಲೇ ಶುರುವಾಗುವ ಕೆಲಸ, ಅದಿಲ್ಲದೆ ಶುರುವೇ ಇಲ್ಲ. ಕೆಂಪು ಎಂದರೆ ಮದುವೆಯ ಬಟ್ಟೆ, ಯಾರು ಕೊಡುತ್ತಾರೆ? ನನ್ನ ಹೊಟ್ಟೆ ದಿನದಿನಕ್ಕೆ ಮುಂದೆ ಬರುತ್ತಿತ್ತು. ಪಟ್ಟಿಗಳು ಬುಟ್ಟಿಯಲ್ಲಿ ಕಾಯುತ್ತ ಬಿದ್ದಿದ್ದವು. ಕೆಂಪು ಸಿಗದೆ ಇರುವುದೇ ಅಪಶಕುನ ಎಂದು ನನ್ನ ಮನಸ್ಸು ಹೇಳತೊಡಗಿತ್ತು.

ಒಂದು ಬೆಳಿಗ್ಗೆ ಗೋಡೆಯ ಮೇಲೆ ಕೆಂಪು ಬಟ್ಟೆ. ಚೆನ್ನಾಗಿ ಒಗೆದು, ಹರಡಿ ಇಟ್ಟದ್ದು.

"ಸಿಕ್ತು! ಏ ಸುಲೇಪೇಟ್, ಸಿಕ್ತು!" ಖಾಲಾ ಅವರ ಕೂಗಿಗೆ ನಾನು ಹೊರಗೆ ಬರುವಷ್ಟರಲ್ಲಿ ಆ ಬಟ್ಟೆ ಪಟ್ಟಿಗಳಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅಂಗೈಯಗಲದ ಕೆಂಪು ಚಕ್ರ ಕುಳಿತಿತ್ತು. ನನಗೂ ದಬ್ಬಣ ಕೊಟ್ಟರು. ನಾನು ಭಕ್ತಿಯಿಂದ ದಾರವನ್ನು ಬಿಗಿದು ಬಿಗಿದು ಎಳೆದೆ. ಎರಡು ಸುತ್ತಿನಲ್ಲಿ ಚಕ್ರದ ಅಂಚು ಮೇಲೆದ್ದು ಬಟ್ಟಲಿನಂತಾಯಿತು. ಖಾಲಾ ಅದನ್ನು ತೆಗೆದುಕೊಂಡು, ಮಂಚದ ಮೇಲೆ ಮಲಗಿದ್ದ ಡ್ರೈವರ್ ಸಾಹೇಬರ ತಲೆಗೆ ಹಾಕಿ ನೋಡಿದರು.

"ಬರಾಬರ್ ಕುಂತದ. ಈದ್ ನಮಾಜಿಗಿ ಹಾಕೊಂಡು ಹೋಗ್ರಿ," ಎಂದರು. ಅವರು ಕಣ್ಣು ತೆರೆಯದೆ ಹೂಂ ಎಂದರು. ಖಾಲಾ ನನ್ನ ಹೊಲಿಗೆ ಬಿಚ್ಚುತ್ತ ಹೇಳಿದರು: "ಅಷ್ಟು ಬಿಗಿ ಎಳೀಬ್ಯಾಡ ಬೇಟಿ. ಅಂಜಿ ಹೊಲದ್ರ ಹಿಂಗೇ ಆಗ್ತದ. ಸಡ್ಲ ಬಿಡು, ತಾನೇ ನೆಲಕ್ಕ ಕುಂದ್ರತದ."

ಸಂಜೆ ಗಾರ್ಡ್ ಸಾಹೇಬರ ಹೆಂಡತಿ ಬಂದರು. ತಾಂಡೂರಿನ ಕಡೆಯ ತೆಲುಗು ಮಾತಿನವರು, ಓಣಿಯ ಕೊನೆಯ ಮನೆ.

"ಅಕ್ಕಾ, ಬೆಳಿಗ್ಗಿ ನಮ್ಮ ಹಗ್ಗ ತುಂಬಿತ್ತು ಅಂತ ಇವರ ಕೆಂಪು ಜೆಂಡಾ ಇಲ್ಲಿ ಒಣಗ ಹಾಕಿದ್ನಿ. ಡ್ಯೂಟಿಗಿ ಕರಿಯೋ ಆಳು ಬಂದು ನಿಂತಾನ. ನೋಡಿದ್ರೇನ್ರಿ?"

ಖಾಲಾ ಹಾಸಿನ ಮೇಲೆ ಕುಳಿತುಬಿಟ್ಟರು. ಅವರ ಮೈಯ ಕೆಳಗೆ ಅಂಗೈಯಗಲದ ಚಕ್ರ ಎಲ್ಲಿ ಕಾಣಬೇಕು? ಅಷ್ಟರಲ್ಲಿ ಒಂದು ಗಾಡಿ ಬಂದದ್ದು ನಮ್ಮ ಪುಣ್ಯ. ಅದು ದಾಟುವ ತನಕ ಯಾರೂ ಮಾತಾಡುವಂತಿರಲಿಲ್ಲ. ದಾಟಿದ ಮೇಲೆ ಯೂನಿಫಾರ್ಮ್ ಹಾಕಿಕೊಂಡ ಗಾರ್ಡ್ ಸಾಹೇಬರೇ ಬಂದು ನಿಂತಿದ್ದರು, ಬಗಲಲ್ಲಿ ಹಸಿರು ಬಾವುಟ ಒಂದೇ. ಖಾಲಾ ಮೆಲ್ಲಗೆ ಎದ್ದು ನಿಂತು ಕೆಳಗೆ ತೋರಿಸಿದರು.

"ಖಾಲಾ, ಇದೇನ್ರಿ ಇದು! ಇನ್ನೊಂದು ಜೆಂಡಾ ಕೊಡ್ರಿ ಅಂತ ಸ್ಟೇಷನ್ ಮಾಸ್ತರಿಗಿ ಏನಂತ ಕೇಳಲಿ? ನಂದು ಕೂಸಿನ ಹಾಸಿಗಿಗಿ ಹೆಣದಾರ ಅಂತನಾ?"

"ಬಿಚ್ಚಿ ಕೊಡ್ತೀನಿ," ಎಂದರು ಖಾಲಾ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ಬಿಚ್ಚಿದರೂ ಅವು ಪಟ್ಟಿಗಳೇ. ಆದರೆ ಬಿಚ್ಚುವ ಮಾತಿಗೇ ನಾನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡೆ. ಹಾಸಿನ ನಡುವನ್ನೇ ಬಿಚ್ಚಿದರೆ ಕೂಸಿಗೆ ಒಳ್ಳೆಯದಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಅದನ್ನ ಮುಟ್ಟಬ್ಯಾಡ ಬೂಬವ್ವ," ಎಂದು ಒಳಗಿನಿಂದ ಅತ್ತೆಯ ದನಿ ಬಂತು. ಟ್ರಂಕಿನ ಮುಚ್ಚಳದ ಸದ್ದಾಯಿತು. ಹೊರಗೆ ಬಂದ ಅವರ ಕೈಯಲ್ಲಿ ರವಿಕೆಯ ಕೆಂಪು ಖಣ ಇತ್ತು. ಹೆರಿಗೆ ಸುಸೂತ್ರವಾದರೆ ದೇವಿಗೆ ಉಡಿ ತುಂಬುತ್ತೇನೆಂದು ಹರಕೆ ಹೊತ್ತು ತಂದಿಟ್ಟಿದ್ದ ಹೊಸ ಖಣ.

"ಇದನ್ನ ಒಯ್ಯಪ್ಪ."

"ಅತ್ತಿ, ಅದು ದೇವೀದು," ಎಂದೆ.

"ದೇವೀಗಿ ನಾ ಹೇಳ್ಕೋತೀನಿ. ಗಾಡಿ ತಡದು ನಿಂತ್ರ ಗಾಡ್ಯಾಗಿನ ಅಷ್ಟೂ ಮಂದಿ ಶಾಪ ನಮ್ಮ ಕೂಸಿಗಿ ಹತ್ತತದ."

ಅದು ಸಿಮೆಂಟು ತುಂಬಿದ ಗಾಡಿ ಎಂದು ಯಾರೂ ಅವರಿಗೆ ಹೇಳಲಿಲ್ಲ. ಗಾರ್ಡ್ ಸಾಹೇಬರು ಖಣವನ್ನು ಕೋಲಿಗೆ ಸುತ್ತಿ, ಜರಿಯ ಅಂಚು ಒಳಗೆ ಬರುವಂತೆ ಮಡಿಚಿಕೊಂಡು ಓಡಿದರು. ಅತ್ತೆ ಮತ್ತು ಖಾಲಾ ಹಿತ್ತಲ ಬಾಗಿಲಲ್ಲಿ ಜೊತೆಯಾಗಿ ನಿಂತು ಗಾಡಿ ಹೊರಡುವುದನ್ನು ನೋಡಿದರು. ತಮ್ಮ ಖಣ ಹಾರಾಡುವುದನ್ನು ನೋಡಬೇಕೆಂದು ಅತ್ತೆಯ ಆಸೆ. ಅದು ಹಾರಾಡಿದರೆ ಗಾಡಿ ನಿಲ್ಲುತ್ತದೆ ಎಂದು ನನ್ನ ಗಂಡ ತಿಳಿಸಿ ಹೇಳಬೇಕಾಯಿತು. "ಹಂಗಾದ್ರ ಬಗಲಾಗೇ ಇರ್ಲಿ," ಎಂದರು ಅತ್ತೆ.

"ದೇವಿ ಗಾಡಿ ಹತ್ತಿ ಹೊಂಟಾಳ್ರಿ ಅವ್ವಾರೆ," ಎಂದರು ಖಾಲಾ. "ಟಿಕೀಟಿಲ್ಲದೆ." ಅಂದು ಮೊದಲ ಸಲ ಅತ್ತೆ ಬಾಯಿ ತೆರೆದು ನಕ್ಕದ್ದನ್ನು ನೋಡಿದೆ. ಒಂದು ಕೋರೆಹಲ್ಲು ಇಲ್ಲದ್ದು ಕಂಡಿತು.

ಮರುದಿನ ಹೊಸ ಬಾವುಟ ಪಡೆದು ಬಂದ ಗಾರ್ಡ್ ಸಾಹೇಬರು ಖಣವನ್ನು ಮರಳಿ ತಂದುಕೊಟ್ಟರು. ಅದಕ್ಕೆ ಮಸಿ ಹತ್ತಿತ್ತು. ಅದನ್ನು ದೇವಿಗೆ ಕೊಡುವಂತಿಲ್ಲ, ದೇವಿಗೆಂದು ತಂದದ್ದನ್ನು ತಾವು ಹೊಲಿಸಿಕೊಳ್ಳುವಂತಿಲ್ಲ. ಅತ್ತೆ ಹೊಸದೊಂದನ್ನು ತರಿಸುತ್ತೇನೆಂದರು. ಹಳೆಯದನ್ನು ಏನು ಮಾಡುವುದೆಂದು ತೋಚದೆ ಖಾಲಾ ಅವರ ಮುಖ ನೋಡಿದರು.

"ನಾ ಇಟ್ಕೋತೀನಿ ಕೊಡ್ರಿ. ಕಡೀಕ ಬೇಕಾಗ್ತದ," ಎಂದು ಖಾಲಾ ಅದನ್ನು ಮಡಿಚಿ ಬಗಲಲ್ಲಿ ಇಟ್ಟುಕೊಂಡು ಹೋದರು.

ನನ್ನ ಹೆರಿಗೆ ಮನೆಯಲ್ಲೇ ಆಯಿತು. ದಾಯಿ ಕಾಲ ಕಡೆ, ಅತ್ತೆ ದೇವರ ಮುಂದೆ, ಖಾಲಾ ನನ್ನ ತಲೆಯ ಕಡೆ. "ಜೋರ್ ಮಾಡು ಬೇಟಿ, ಇನ್ನ ಜರಾ" ಎನ್ನುವಷ್ಟರಲ್ಲಿ ಗೂಡ್ಸ್ ಬಂತು. ಖಾಲಾ ಬಾಯಿ ಮುಚ್ಚಿ, ನನ್ನ ಕೈ ಹಿಡಿದುಕೊಂಡು, ತಲೆಯಾಡಿಸುತ್ತ ನಿಂತರು. ಗಾಡಿಯ ಸದ್ದು ಇಳಿದಾಗ ಅದರ ಕೆಳಗೆ ಇನ್ನೊಂದು ಸದ್ದು ಆಗಲೇ ನಡೆದಿತ್ತು. ಕೂಸು ಅಳುತ್ತಿತ್ತು. ಖಾಲಾ ಅವರ ಮಾತಿನ ಉಳಿದ ಭಾಗ ಬೇಕಾಗಲೇ ಇಲ್ಲ. ಹೆಣ್ಣು ಕೂಸೆಂದು ದಾಯಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ತಲಿ ಕೂದಲಾ ಅದಾವೇನು?"

ಹಾಸು ಒಂದು ಕೂಸು ಮಲಗುವಷ್ಟಾಗಿತ್ತು. ಫರಸಿಯ ಮೇಲೆ ಅದನ್ನು ಹಾಸಿ, ಅದರ ಮೇಲೆ ಕೂಸನ್ನು ಮಲಗಿಸಿದೆವು. ಆದರೆ ಖಾಲಾ ಹೆಣಿಗೆಯ ತುದಿಯನ್ನು ಹೊಲಿದು ಮುಗಿಸಿರಲಿಲ್ಲ. ಗೇಣುದ್ದ ಜಡೆ ಪಕ್ಕಕ್ಕೆ ಸಡಿಲವಾಗಿ ಬಿದ್ದಿತ್ತು, ಬಿಚ್ಚದಂತೆ ಒಂದು ದಾರ ಕಟ್ಟಿದ್ದರು ಅಷ್ಟೆ.

"ಇದನ್ನ ಯಾಕ ಬಿಟ್ಟೀರಿ?"

"ಕೂಸು ಬೆಳೀತದಲ್ಲ, ಹಾಸೂ ಬೆಳೀಲಿ. ಹುಟ್ಟಿದ ದಿನ ಬಂದಾಗೊಮ್ಮಿ ಒಂದು ಸುತ್ತು ಹಾಕ್ತೀನಿ. ಅಕೀದೇ ಹಳೀ ಬಟ್ಟೀಲೆ."

"ಮತ್ತ ಮುಗಸೋದು ಯಾವಾಗ್ರಿ?"

"ನಿನ್ನ ಅಂಜಿಕಿ ಹೋದ ದಿನ," ಎಂದು ನಕ್ಕರು. ತಮಾಷೆ ಎಂದುಕೊಂಡೆ.

ಅಂಜಿಕೆ ಅಷ್ಟು ಬೇಗ ಹೋಗುವಂಥದ್ದಾಗಿರಲಿಲ್ಲ. ಬೆಳಿಗ್ಗೆ ಎಚ್ಚರವಾದರೆ ಪಕ್ಕದಲ್ಲಿ ಮಲಗಿದ ಕೂಸಿನ ಕಡೆ ನೋಡಲು ನನಗೆ ಧೈರ್ಯ ಬರುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಹಾಸಿನ ಆ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟುತ್ತಿದ್ದೆ. ತುದಿ ಸಡಿಲವಿದೆ, ಇನ್ನೂ ಒಂದು ಸುತ್ತು ಬರಬೇಕಾಗಿದೆ, ಅಂದ ಮೇಲೆ ಕೂಸು ಇರಲೇ ಬೇಕು. ಈ ಲೆಕ್ಕ ಮನಸ್ಸಿನಲ್ಲಿ ಮುಗಿದ ಮೇಲೆಯೇ ಕೂಸಿನ ಹೊಟ್ಟೆಯ ಮೇಲೆ ಕೈಯಿಡುತ್ತಿದ್ದೆ. ಅವಳು ನಡೆಯತೊಡಗಿದಳು, ಶಾಲೆಗೆ ಹೋದಳು, ಮರ ಹತ್ತಿದಳು, ಬಿದ್ದಳು. ನನ್ನ ಹೆಬ್ಬೆರಳು ಮಾತ್ರ ಬೆಳಗಾದರೆ ಅಲ್ಲಿಗೇ ಹೋಗುತ್ತಿತ್ತು. ಒಂದು ಮುಂಜಾನೆ ಗೋಡೆಯ ಮೇಲಿಂದ ಖಾಲಾ ಇದನ್ನು ನೋಡಿದರು. ನಾನು ನಾಚಿ ಕೈ ಹಿಂದೆಗೆದೆ. ಅವರು ಕಂಡೂ ಕಾಣದವರಂತೆ ಕೋಳಿಗಳನ್ನು ಬೈಯುತ್ತ ಹೋದರು.

ಮಾತು ಕೊಟ್ಟಂತೆ ಪ್ರತಿ ಹುಟ್ಟುಹಬ್ಬಕ್ಕೂ ಒಂದು ಸುತ್ತು. ಮೊದಲ ಝಬಲಾ, ಹೂವಿನ ಫ್ರಾಕು, ಶಾಲೆಯ ನೀಲಿ ಲಂಗ. ಹಾಸು ಬೆಳೆದ ಹಾಗೆ ಖಾಲಾ ನನ್ನ ಮಗಳ ತಲೆಯನ್ನೂ ಬಿಡಲಿಲ್ಲ. ಮುಂದೆ ಕೂರಿಸಿಕೊಂಡು ಜಡೆ ಹೆಣೆದರೆ ಹುಡುಗಿಯ ಹುಬ್ಬು ಮೇಲೇರಿ ಕಣ್ಣು ಕಿರಿದಾಗುತ್ತಿದ್ದವು. ನನಗೆ ಸಡಿಲ ಬಿಡು ಎಂದು ಹೇಳಿಕೊಟ್ಟವರು ತಲೆಯ ವಿಷಯದಲ್ಲಿ ತಾವೇ ಅದನ್ನು ಮರೆಯುತ್ತಿದ್ದರು. "ಖಾಲಾ, ನೋಯ್ತದ್ರಿ!" ಎಂದು ಅವಳು ಕೂಗಿದರೆ, "ನಾಲ್ಕು ಬೋಳ ತಲಿ ಸಾಕಿದಾಕಿ ನಾ. ಸುಮ್ನ ಕುಂದ್ರು," ಎನ್ನುತ್ತಿದ್ದರು.

ಡ್ರೈವರ್ ಸಾಹೇಬರು ರಿಟೈರ್ ಆದ ಮೇಲೆ ಅವರು ಕ್ವಾರ್ಟರ್ಸ್ ಬಿಟ್ಟು ಶಹಾಬಾದಿಗೆ ಹೋದರು. ಅಲ್ಲಿ ಹಿರಿಯ ಮಗನಿಗೆ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ. ದೂರವೇನೂ ಅಲ್ಲ. ಹುಟ್ಟುಹಬ್ಬದ ದಿನ ಪ್ಯಾಸೆಂಜರ್ ಗಾಡಿಯಲ್ಲಿ ಬಂದೇ ಬರುತ್ತಿದ್ದರು, ಕಂಕುಳಲ್ಲಿ ದಬ್ಬಣ, ದಾರ, ಕತ್ತರಿಯ ಗಂಟು. ಹೋಗುವಾಗ ಪ್ಲಾಟ್‌ಫಾರ್ಮಿನಲ್ಲಿ ಹೇಳುತ್ತಿದ್ದ ಮಾತು ಗಾಡಿಯ ಸದ್ದಿಗೆ ಅರ್ಧಕ್ಕೆ ನಿಂತರೆ ಮರುವರ್ಷ ಬಂದು ಅದನ್ನು ಮುಗಿಸುತ್ತಿದ್ದರು. ಒಂದು ವರ್ಷ "ಆ ಉಪ್ಪಿನಕಾಯಿಗಿ" ಎಂದು ಹೋದವರು, ಮರುವರ್ಷ ಹೊಸ್ತಿಲು ದಾಟುತ್ತಲೇ "ಸಾಸ್ವಿ ಕಮ್ಮಿ ಆಗ್ಯಾದ" ಎಂದರು. ಆ ಉಪ್ಪಿನಕಾಯಿ ಅಷ್ಟರಲ್ಲಿ ಖಾಲಿಯಾಗಿ ಹೊಸದು ಹಾಕಿಯಾಗಿತ್ತು.

ಕೊನೆಯ ಸಲ ಬಂದದ್ದು ಹೋದ ಹುಟ್ಟುಹಬ್ಬಕ್ಕೆ. ಸೊರಗಿದ್ದರು, ದನಿ ಮಾತ್ರ ಹಾಗೇ ಇತ್ತು. ಮಗಳಿಗೆ ಆಗ ಸೇಡಮ್ಮಿನ ಶಾಲೆಯಲ್ಲಿ ನೌಕರಿ, ದಿನಾ ಬಸ್ಸಿನ ಓಡಾಟ. ಸಂಜೆಯಾಗಿತ್ತು, ದೀಪ ಹಚ್ಚುವ ಹೊತ್ತು, ಅವಳು ಬಂದಿರಲಿಲ್ಲ.

"ಹುಡಿಗಿ ಎಲ್ಲಿ?" ಎಂದರು ಖಾಲಾ.

ನಾನು ಪುಂಡಿಪಲ್ಯೆಯ ಸೊಪ್ಪು ಸೋಸುತ್ತಿದ್ದೆ. ತಲೆ ಎತ್ತಲಿಲ್ಲ. "ಬರ್ತಾಳ ಬಿಡ್ರಿ. ಬಸ್ ತಡಾ ಆಗಿರ್ಬೇಕು. ಇಲ್ಲಾಂದ್ರ ಗೆಳತ್ಯಾರ ಜೋಡಿ ಮಾತಾಡ್ಕೋತ ನಿಂತಿರ್ತಾಳ. ನಿಮಗ ಚಹಾಕ್ಕ ಬೆಲ್ಲ ನಡೀತದೋ ಇಲ್ಲೋ?"

ಆಮೇಲೆ ತಲೆ ಎತ್ತಿ ನೋಡಿದರೆ ಖಾಲಾ ನನ್ನನ್ನೇ ನೋಡುತ್ತ ಕುಳಿತಿದ್ದರು, ತುಟಿಯಲ್ಲಿ ಸಣ್ಣ ನಗು.

"ನಡೀತದ," ಎಂದರು. "ಹಾಸು ತಗೊಂಡು ಬಾ. ಮತ್ತ ನೀ ಒಳಗ ಹೋಗಿ ರೊಟ್ಟಿ ಬಡಿ. ಇಲ್ಲಿ ನಿನ್ನ ಕೆಲಸ ಇಲ್ಲ."

ನಾನು ಒಳಗೆ ಹೋದೆ. ಮಗಳು ಬಂದಳು, ಜಡೆ ಹೆಣೆಸಿಕೊಂಡಳು, ಕೂಗಿಕೊಂಡಳು. ನಾವು ಬಿಸಿ ರೊಟ್ಟಿ ಉಂಡೆವು. ಖಾಲಾ ಹಾಸನ್ನು ತಾವೇ ಸುತ್ತಿ ಅಟ್ಟಕ್ಕೆ ಇಡಿಸಿದರು. ಅದು ಈಗ ಕೋಣೆಯಷ್ಟು ದೊಡ್ಡದಾಗಿತ್ತು, ದಿನಾ ಹಾಸಲು ಆಗುತ್ತಿರಲಿಲ್ಲ. ಮರುದಿನ ಅವರನ್ನು ಗಾಡಿಗೆ ಹತ್ತಿಸಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏ ಸುಲೇಪೇಟ್, ಹಾಸಿನ ತುದಿ" ಎಂದರು. ಪಕ್ಕದ ಲೈನಿನಲ್ಲಿ ಗೂಡ್ಸ್ ನುಗ್ಗಿತು. ಖಾಲಾ ಬಾಯಿ ಮುಚ್ಚಿಕೊಂಡು ಕಾದರು, ನಾನೂ ಕಾದೆ. ಅದು ದಾಟುವುದರೊಳಗೆ ಅವರ ಗಾಡಿಯೇ ಹೊರಟಿತು. ಅವರು ಕೈ ಮಾಡಿದರು, ಮುಂದಿನ ವರ್ಷ ಹೇಳುತ್ತೇನೆ ಎನ್ನುವ ಹಾಗೆ.

ಮುಂದಿನ ವರ್ಷಕ್ಕೆ ಅವರು ಉಳಿಯಲಿಲ್ಲ. ಸುದ್ದಿ ಬಂದ ದಿನ ಅಟ್ಟದಿಂದ ಇಳಿಸಿದ ಹಾಸನ್ನು ಅಂಗಳದಲ್ಲಿ ಹರಡಿ, ಅದರ ಅಂಚಿಗೆ ಕುಳಿತೆ. ಹಳೆಯ ಚಟ, ಹೆಬ್ಬೆರಳು ತಾನೇ ತುದಿಯನ್ನು ಹುಡುಕತೊಡಗಿತು. ತುದಿ ಸಿಗಲಿಲ್ಲ. ಅಂಚಿನ ಮೇಲೆ ಬೆರಳಾಡಿಸುತ್ತ ಒಂದು ಸುತ್ತು ಬಂದೆ, ಇನ್ನೊಂದು ಸುತ್ತು ಬಂದೆ. ಆಮೇಲೆ ಬಗ್ಗಿ ನೋಡಿದೆ. ಕೊನೆಯ ಸುತ್ತು ಕೆಂಪಿನದು. ಜರಿಯ ಅಂಚಿನ ಖಣ, ಮಡಿಕೆಯಲ್ಲಿ ಮಸಿಯ ಕಲೆ ಇನ್ನೂ ಮಾಸಿರಲಿಲ್ಲ. ಅದರ ತುದಿಯನ್ನು ಸಣ್ಣಗೆ ಮಾಡಿ, ಹಿಂದಿನ ಸುತ್ತಿನ ಕೆಳಗೆ ತೂರಿಸಿ, ಒತ್ತಾಗಿ ಹೊಲಿದುಬಿಟ್ಟಿದ್ದರು. ಇನ್ನು ಬಿಚ್ಚುವ ಮಾತಿರಲಿಲ್ಲ.

ಹುಟ್ಟುಹಬ್ಬ ಆಗಿ ಎಷ್ಟೋ ತಿಂಗಳಾಗಿತ್ತು. ಅಷ್ಟು ತಿಂಗಳಲ್ಲಿ ಒಂದು ದಿನವೂ ನಾನು ಆ ತುದಿಯನ್ನು ಮುಟ್ಟಿ ನೋಡಿರಲಿಲ್ಲ. ಅದಕ್ಕೂ ಮೊದಲು ಯಾವಾಗ ಬಿಟ್ಟೆನೋ, ಅದೂ ನೆನಪಾಗಲಿಲ್ಲ. ನನ್ನ ಅಂಜಿಕೆ ಹೋದದ್ದು ನನಗೇ ಗೊತ್ತಿರಲಿಲ್ಲ, ಪುಂಡಿಪಲ್ಯೆ ಸೋಸುವ ಹೊತ್ತಿನಲ್ಲಿ ಖಾಲಾ ಅದನ್ನು ನೋಡಿದ್ದರು. ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಕೇಳದೆ ಕಟ್ಟಿ ಹೋಗಿದ್ದಾರಲ್ಲ ಎಂದು ಜಗಳಾಡಬೇಕೆನಿಸಿತು. ಜಗಳಕ್ಕೆ ಗೋಡೆಯ ಆಚೆ ಯಾರೂ ಇರಲಿಲ್ಲ.

ಮಗಳು ಶಾಲೆಯಿಂದ ಬಂದಾಗ ನಾನು ಅಲ್ಲಿಯೇ ಇದ್ದೆ.

"ಯವ್ವಾ, ಇದ್ಯಾಕ ಹಿಂಗ ಕುಂತಿ? ಏನಾತು?"

ಹೇಳಲು ಬಾಯಿ ತೆರೆದೆ, ಗೂಡ್ಸ್ ಬಂತು. ತಡಿ ಎಂದು ಕೈ ಮಾಡಿದೆ. ಅವಳೂ ಈ ಓಣಿಯಲ್ಲೇ ಬೆಳೆದವಳು, ಚೀಲ ಕೆಳಗಿಟ್ಟು ಸುಮ್ಮನೆ ಹಾಸಿನ ಮೇಲೆ ಕುಳಿತು ಕಾದಳು. ಸಿಮೆಂಟಿನ ಡಬ್ಬಿಗಳು ಒಂದೊಂದಾಗಿ ದಾಟಿದವು. ಕಡೆಯ ಡಬ್ಬಿಯಲ್ಲಿ ಯಾರೋ ಹೊಸ ಗಾರ್ಡ್, ಕೈಯಲ್ಲಿ ಹಸಿರು.

"ಕಟ್ಟ್ಯಾರ," ಎಂದೆ.

"ಏನು ಕಟ್ಟ್ಯಾರ? ಯಾರು?" ಮಗಳು ನಕ್ಕಳು. "ಮೊದಲಿಂದ ಹೇಳಬೇ."

ನಾನು ಮೊದಲಿನಿಂದ ಹೇಳಲು ಶುರು ಮಾಡಿದೆ.